‘ಮುಟ್ಟಬೇಡಿ’ ಅಂತ ಬೋರ್ಡು ಹಾಕಿದ್ದಾರೆ



ತಾಲ್ಲೂಕು ಕೇಂದ್ರದ ಒಂದು ಸರ್ಕಾರಿ ಪ್ರೌಢಶಾಲೆ. ಊರಿನ ಹೆಸರು ಬೇಡ, ನಿಮ್ಮ ಶಾಲೆಯೇ ಅಂತ ಇಟ್ಟುಕೊಳ್ಳಿ. ಸಾಲಾಗಿ ಆರು ಕೋಣೆ. ಐದಕ್ಕೆ ಬಾಗಿಲು ನೆಟ್ಟಗಿಲ್ಲ, ಕಿಟಕಿಗೆ ಸರಳಿಲ್ಲ. ಆರನೇ ಕೋಣೆಗೆ ಮಾತ್ರ ಕಬ್ಬಿಣದ ಜಾಲರಿ ಬಾಗಿಲು, ಎರಡೆರಡು ಬೀಗ. ಮೇಲೆ ‘ಕಂಪ್ಯೂಟರ್ ಕೊಠಡಿ’ ಅಂತ ಬರೆದಿದೆ. ಅದರ ಕೆಳಗೆ ‘ಚಪ್ಪಲಿ ಹೊರಗೆ ಬಿಡಿ’. ಒಳಗೆ ಗೋಡೆ ಮೇಲೆ ದಪ್ಪ ಅಕ್ಷರದಲ್ಲಿ ‘ಮುಟ್ಟಬೇಡಿ’.

ಈ ಎರಡು ಮಾತನ್ನು ನಮ್ಮ ಅಪ್ಪ, ತಾತ ಬೇರೆ ಜಾಗದಲ್ಲಿ ಕೇಳಿದ್ದರು. ಚಪ್ಪಲಿ ಕೈಯಲ್ಲಿ ಹಿಡಿದು ಊರೊಳಗೆ ನಡೆದವರು ಅವರು. ಬಾವಿ ಕಟ್ಟೆ ಹತ್ತಿರ ‘ಮುಟ್ಟಬೇಡ’ ಅನ್ನಿಸಿಕೊಂಡವರು ಅವರು. ಅಲ್ಲಿ ಬೋರ್ಡು ಇರಲಿಲ್ಲ, ಬಾಯಿ ಮಾತೇ ಸಾಕಿತ್ತು. ಇಲ್ಲಿ ಸರ್ಕಾರದ ದುಡ್ಡಲ್ಲಿ ಬೋರ್ಡು ಬರೆಸಿದ್ದಾರೆ. ಧೂಳು ಕೂತರೆ ಯಂತ್ರ ಕೆಡುತ್ತೆ, ಅದಕ್ಕೆ ಚಪ್ಪಲಿ ಬಿಡೋದು ಅಂತ ಕಾರಣ ಹೇಳುತ್ತಾರೆ. ಇರಲಿ. ಆದರೆ ಮುಟ್ಟದೆ ಕಲಿಯುವ ವಿದ್ಯೆ ಯಾವುದಪ್ಪಾ? ಈಜು ಕಲಿಸ್ತೀನಿ, ನೀರಿಗಿಳಿಯಬೇಡ ಅಂದ ಹಾಗಾಯ್ತು.

ಆ ಶಾಲೆಯಲ್ಲಿ ನಾನು ಮೂರು ವರ್ಷ ಓದಿದೆ. ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲಿನಿಂದ ನಡೆದು ಹೋಗುತ್ತಿದ್ದೆ. ಮೂರು ವರ್ಷದಲ್ಲಿ ಆ ಕೋಣೆ ಒಳಕ್ಕೆ ಹೋದದ್ದು ನಾಲ್ಕು ಸಲ. ಮೂರು ಸಲ ಕಸ ಗುಡಿಸಲು, ಒಂದು ಸಲ ಮೇಲಧಿಕಾರಿ ಇನ್ಸ್‌ಪೆಕ್ಷನ್ನಿಗೆ ಬಂದ ದಿನ ಹಿಂದಿನ ಸಾಲಿನಲ್ಲಿ ನಿಂತುಕೊಳ್ಳಲು. ಆ ದಿನ ಕುರ್ಚಿ ಮೇಲೆ ಕೂತವರು ಪೇಟೆ ಬೀದಿ ಅಂಗಡಿಯವರ ಮಕ್ಕಳು, ಮೇಷ್ಟರ ಮಕ್ಕಳು. ‘ಅವರ ಮನೇಲಿ ಕಂಪ್ಯೂಟರ್ ಇದೆ, ಅಭ್ಯಾಸ ಇದೆ, ನೀವು ಮುಟ್ಟಿದರೆ ಕೆಡುತ್ತೆ ಕಣ್ರೋ’ ಅಂದರು ಮೇಷ್ಟರು. ಕೆಟ್ಟ ಮನುಷ್ಯರಲ್ಲ ಅವರು, ನನಗೆ ಲೆಕ್ಕ ಕಲಿಸಿದವರು. ಆದರೆ ಆ ಮಾತಿನೊಳಗೆ ಏನಿದೆ ನೋಡಿ: ಇದ್ದವನಿಗೆ ಇನ್ನಷ್ಟು ಮುಟ್ಟಲು ಬಿಡು, ಇಲ್ಲದವನ ಕೈಗೆ ಪೊರಕೆ ಕೊಡು. ಮನು ಬರೆದದ್ದಕ್ಕೂ ಇದಕ್ಕೂ ಎಷ್ಟು ದೂರ?

ಇದು ನನ್ನೊಬ್ಬನ ಅಳು ಅಂತ ತಿಳಿಯಬೇಡಿ. ಲೆಕ್ಕ ನೋಡೋಣ. ೨೦೧೭-೧೮ರಲ್ಲಿ ಕೇಂದ್ರ ಸರ್ಕಾರವೇ ಮಾಡಿದ ರಾಷ್ಟ್ರೀಯ ಮಾದರಿ ಸಮೀಕ್ಷೆ ಪ್ರಕಾರ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಮನೆಗಳು ನೂರಕ್ಕೆ ೪.೪. ಪಟ್ಟಣಗಳಲ್ಲಿ ನೂರಕ್ಕೆ ೨೩.೪. ಹಳ್ಳಿಯ ನೂರರಲ್ಲಿ ನಾಲ್ಕು ಮನೆ ಅಂದರೆ ಆ ನಾಲ್ಕು ಮನೆ ಊರಿನ ಯಾವ ಬೀದಿಯಲ್ಲಿರುತ್ತೆ ಅಂತ ನಿಮಗೆ ನಾನು ಹೇಳಬೇಕೇ? ನಮ್ಮ ಮಕ್ಕಳಿಗೆ ಕಂಪ್ಯೂಟರ್ ಸಿಗುವ ಜಾಗ ಅಂದರೆ ಶಾಲೆ ಇಲ್ಲವೇ ಹಾಸ್ಟೆಲು, ಮೂರನೆಯದು ಇಲ್ಲ. ೨೦೨೪-೨೫ರ ಸರ್ಕಾರಿ ಲೆಕ್ಕದಲ್ಲಿ ದೇಶದ ಶಾಲೆಗಳಲ್ಲಿ ನೂರಕ್ಕೆ ೬೪.೭ ಶಾಲೆಗೆ ಕಂಪ್ಯೂಟರ್ ಇದೆ. ಮೂರರಲ್ಲಿ ಒಂದು ಶಾಲೆಗೆ ಈಗಲೂ ಇಲ್ಲ. ಇದೆ ಅಂತ ಬರೆದುಕೊಂಡ ಕಡೆಯೂ ಲೆಕ್ಕ ಕೇಳುವುದು ಯಂತ್ರ ಇದೆಯೋ ಇಲ್ಲವೋ ಅಂತ. ಬೀಗ ತೆಗೆದಿದೆಯೋ ಇಲ್ಲವೋ, ಯಾರ ಬೆರಳು ಅದರ ಮೇಲೆ ಆಡ್ತಾ ಇದೆ ಅಂತ ಯಾವ ಫಾರಂನಲ್ಲೂ ಕಾಲಂ ಇಲ್ಲ.

ಈ ನಾಟಕ ಇವತ್ತಿನದಲ್ಲ. ೧೯೮೪-೮೫ರಲ್ಲಿ ದಿಲ್ಲಿ ಸರ್ಕಾರ ‘ಕ್ಲಾಸ್’ ಅಂತ ಒಂದು ಯೋಜನೆ ತಂತು. ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆ ಅಂತ ಅದರ ಅರ್ಥ. ಮೊದಲು ೨೫೦ ಶಾಲೆಗೆ. ಯಂತ್ರ ಬಂದದ್ದು ಇಂಗ್ಲೆಂಡಿನಿಂದ, ಬಿಬಿಸಿ ಮೈಕ್ರೋ ಅಂತ ಹೆಸರು. ಇಂಗ್ಲೆಂಡಿನ ಜನಕ್ಕೆ ಕಂಪ್ಯೂಟರ್ ಪರಿಚಯ ಮಾಡಿಸಲು ೧೯೮೧ರಲ್ಲಿ ಅಲ್ಲಿ ಮಾಡಿದ ಯಂತ್ರ ಅದು. ಇಷ್ಟು ದೊಡ್ಡ ದೇಶದಲ್ಲಿ ೨೫೦ ಶಾಲೆ ಅಂದರೆ ಯಾವ ಶಾಲೆ? ಕರೆಂಟು ನಿಲ್ಲದ, ಇಂಗ್ಲಿಷ್ ಬಲ್ಲ ಮೇಷ್ಟರಿರುವ ಶಾಲೆ. ಅದೇ ವರ್ಷಗಳಲ್ಲಿ ನಮ್ಮ ಚಳವಳಿ ‘ಹೆಂಡ ಬೇಡ, ವಸತಿ ಶಾಲೆ ಬೇಕು’ ಅಂತ ಬೀದಿಯಲ್ಲಿ ಕೂಗ್ತಾ ಇತ್ತು. ನಾವು ಸೂರು ಕೇಳುವ ಹೊತ್ತಿಗೆ ಅವರ ಮಕ್ಕಳು ಕೀಲಿಮಣೆ ಮುಂದೆ ಕೂತಿದ್ದರು. ೧೯೮೩ರಲ್ಲಿ ಇನ್ಫೋಸಿಸ್ ಬೆಂಗಳೂರಿಗೆ ಬಂತು, ೧೯೮೫ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಮುಂದೆ ಲಕ್ಷಗಟ್ಟಲೆ ಕೆಲಸ ಬಂದಾಗ ಯಾರು ತಯಾರಾಗಿದ್ದರು, ಯಾರು ಆಗಿರಲಿಲ್ಲ ಅನ್ನುವುದು ಆಗಲೇ ತೀರ್ಮಾನ ಆಗಿ ಹೋಗಿತ್ತು. ಆಮೇಲೆ ಅದಕ್ಕೆ ‘ಪ್ರತಿಭೆ’ ಅಂತ ನಾಮಕರಣ ಮಾಡಿದರು.

೨೦೦೧ರ ಸುಮಾರಿಗೆ ನಮ್ಮ ರಾಜ್ಯದಲ್ಲಿ ‘ಮಾಹಿತಿ ಸಿಂಧು’ ಬಂತು. ಸಾವಿರ ಸರ್ಕಾರಿ ಪ್ರೌಢಶಾಲೆಗೆ ಕಂಪ್ಯೂಟರು. ಹೆಸರು ಎಷ್ಟು ಚಂದ ನೋಡಿ, ಸಿಂಧು ಅಂದರೆ ಸಮುದ್ರ! ಕಲಿಸುವ ಕೆಲಸವನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟರು. ಯಂತ್ರ ಕಂಪನಿಯದು, ಕಲಿಸುವ ಹುಡುಗ ಹುಡುಗಿಯರೂ ಕಂಪನಿಯ ಕೈಕೆಳಗಿನವರು. ೨೦೦೪ರಲ್ಲಿ ಕೇಂದ್ರದ ಐಸಿಟಿ ಯೋಜನೆ ಬಂದ ಮೇಲೂ ಗುತ್ತಿಗೆಯ ದಾರಿಯೇ ನಡೀತು. ಗುತ್ತಿಗೆ ಅವಧಿ ಮುಗೀತು ಅಂದರೆ ಕಲಿಸುವವರು ಮನೆಗೆ ಹೋದರು. ಉಳಿದದ್ದು ಯಂತ್ರ, ಅದರ ಮೇಲೆ ಬಟ್ಟೆ ಹೊದಿಕೆ, ಬೀಗ. ಹಳೇ ಯಂತ್ರ ರಿಪೇರಿಗೆ ಹೆಡ್‌ಮಾಸ್ಟರ ಹತ್ತಿರ ದುಡ್ಡಿಲ್ಲ. ಕೆಟ್ಟರೆ ಉತ್ತರ ಹೇಳಬೇಕು, ಕಳುವಾದರೆ ಕೈಯಿಂದ ಕಟ್ಟಬೇಕು, ಕಲಿಸದೆ ಇದ್ದರೆ ಯಾರೂ ಕೇಳಲ್ಲ. ಹೀಗಿರುವಾಗ ಯಾವ ಹೆಡ್‌ಮಾಸ್ಟರು ಬೀಗ ತೆಗೀತಾರೆ? ಬೀಗ ಹಾಕಿದ್ದು ಅವರ ಕೈ, ಹಾಕಿಸಿದ್ದು ಯೋಜನೆ.

ಇನ್ನೊಂದು ದೊಡ್ಡ ಬೀಗ ಕಣ್ಣಿಗೆ ಕಾಣಲ್ಲ. ನಮ್ಮ ಎಸ್ಸೆಸ್ಸೆಲ್ಸಿ ೬೨೫ ಅಂಕದ್ದು. ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. ಕಂಪ್ಯೂಟರಿಗೆ ಅದರಲ್ಲಿ ಜಾಗ ಇಲ್ಲ. ಆಯ್ದ ಕೆಲವು ಶಾಲೆಗಳಲ್ಲಿ ವೃತ್ತಿ ವಿಷಯ ಅಂತ ಮೂರನೇ ಭಾಷೆ ಬದಲು ಐಟಿ ತಗೊಳ್ಳಬಹುದು, ಅಷ್ಟೇ. ಅಂಕ ಇಲ್ಲದ ವಿಷಯಕ್ಕೆ ಪೀರಿಯಡ್ ಯಾರು ಕೊಡ್ತಾರೆ? ಫಲಿತಾಂಶ ಕಡಿಮೆ ಆದರೆ ನೋಟೀಸು ಬರೋದು ಗಣಿತಕ್ಕೆ, ಇಂಗ್ಲಿಷಿಗೆ. ಜನವರಿ ಬಂತು ಅಂದರೆ ಟೈಂಟೇಬಲ್‌ನಲ್ಲಿ ‘ಕಂಪ್ಯೂಟರ್’ ಅಂತ ಬರೆದ ಪೀರಿಯಡ್ಡಿನಲ್ಲೂ ಪಾಸಿಂಗ್ ಪ್ಯಾಕೇಜು.

ಪಕ್ಕದ ಕೇರಳ ನೋಡಿ. ಅಲ್ಲಿ ಇದೇ ಸುಮಾರಿಗೆ ಐಟಿ ಅಟ್ ಸ್ಕೂಲ್ ಅಂತ ಶುರು ಮಾಡಿದರು. ಗುತ್ತಿಗೆಗೆ ಕೊಡಲಿಲ್ಲ. ಇರುವ ಮೇಷ್ಟರಿಗೇ, ಮೇಡಮ್ಮುಗಳಿಗೇ ತರಬೇತಿ ಕೊಟ್ಟರು. ಪಠ್ಯಪುಸ್ತಕ ಮಲಯಾಳದಲ್ಲೂ ತಂದರು. ೨೦೦೫ರಿಂದ ಎಸ್ಸೆಸ್ಸೆಲ್ಸಿಯಲ್ಲಿ ಐಟಿ ಪರೀಕ್ಷೆಯ ವಿಷಯ ಆಯಿತು, ಮಗು ಯಂತ್ರದ ಮುಂದೆ ಕೂತು ಮಾಡಿ ತೋರಿಸುವ ಪರೀಕ್ಷೆ. ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಬಿಟ್ಟು ಯಾರು ಬೇಕಾದರೂ ಹಂಚಿಕೊಳ್ಳಬಹುದಾದ ಸ್ವತಂತ್ರ ತಂತ್ರಾಂಶ ಹಾಕಿದರು. ಪರೀಕ್ಷೆ ಬಂದ ಮೇಲೆ ಬೀಗ ತೆಗೆಯಲೇಬೇಕಾಯ್ತು. ಆದರೆ ಕೇರಳವನ್ನು ದೇವರು ಮಾಡುವುದೂ ಬೇಡ. ೨೦೨೦ರ ಜೂನ್ ಒಂದನೇ ತಾರೀಖು, ಕೊರೋನಾದಲ್ಲಿ ಟೀವಿ, ಫೋನಿನ ಮೂಲಕ ಪಾಠ ಶುರುವಾದ ಮೊದಲ ದಿನ, ಅದೇ ರಾಜ್ಯದ ಮಲಪ್ಪುರಂ ಜಿಲ್ಲೆಯಲ್ಲಿ ೧೪ ವರ್ಷದ ದಲಿತ ಹುಡುಗಿ ಜೀವ ಕಳಕೊಂಡಳು. ಚೆನ್ನಾಗಿ ಓದುವ ಮಗು. ಮನೆಯ ಟೀವಿ ಕೆಟ್ಟಿತ್ತು, ಪಾಠ ನೋಡಲು ಫೋನಿರಲಿಲ್ಲ, ಅಪ್ಪ ಕೂಲಿಯವರು. ಶಾಲೆಯಲ್ಲಿ ಯಂತ್ರ ಕೊಟ್ಟ ಸರ್ಕಾರಕ್ಕೂ ಕಾಲೊನಿಯ ಮನೆ ಕಂಡಿರಲಿಲ್ಲ. ನಮ್ಮ ಕಡೆ ಆ ವರ್ಷ ಎಷ್ಟು ಮಕ್ಕಳು ಹಾಸ್ಟೆಲ್ ಮುಚ್ಚಿದ ಮೇಲೆ ಅಪ್ಪನ ಜೊತೆ ಗಾರೆ ಕೆಲಸಕ್ಕೆ ಹೋದವರು ವಾಪಸು ಬರಲೇ ಇಲ್ಲ ಅನ್ನೋದು ಈ ಹಾಳೆ ಓದುವವರಿಗೆ ಗೊತ್ತು. ನಿಮ್ಮ ಕೋಣೆಯಲ್ಲೇ ಇದ್ದ ಹುಡುಗ ಅವನು.

ಈಗ ಪಠ್ಯಕ್ಕೆ ಬರೋಣ. ‘ನಾವು ಕೊಡ್ತಾ ಇದ್ದೀವಲ್ಲಪ್ಪ, ಕಂಪ್ಯೂಟರ್ ಕೋರ್ಸು’ ಅಂತಾರೆ. ಏನು ಕೊಡ್ತಾ ಇದ್ದೀರಿ? ಕಂಪ್ಯೂಟರ್ ಪಾಠದೊಳಗೂ ಚಾತುರ್ವರ್ಣ ಇದೆ. ದಿಲ್ಲಿ ಬೋರ್ಡಿನ ಸಿಬಿಎಸ್‌ಇ ಶಾಲೆಗಳನ್ನೇ ನೋಡಿ. ಒಂಬತ್ತು, ಹತ್ತರಲ್ಲಿ ೪೦೨ ನಂಬರಿನ ‘ಮಾಹಿತಿ ತಂತ್ರಜ್ಞಾನ’ ಅಂತ ಒಂದು ವಿಷಯ. ಕಾಗದ ಟೈಪು ಮಾಡುವುದು, ಲೆಕ್ಕದ ಹಾಳೆ ತುಂಬುವುದು, ಮಾಹಿತಿ ಪಟ್ಟಿ ಇಡುವುದು. ೪೧೭ ಅಂತ ಇನ್ನೊಂದು, ಕೃತಕ ಬುದ್ಧಿಮತ್ತೆ, ಅದು ೨೦೧೯ರಿಂದ. ಹನ್ನೊಂದು, ಹನ್ನೆರಡರಲ್ಲಿ ೦೮೩, ಕಂಪ್ಯೂಟರ್ ವಿಜ್ಞಾನ, ಅಲ್ಲಿ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವುದು. ಯಂತ್ರ ಹೇಳಿದ್ದನ್ನು ನಾವು ಮಾಡುವ ವಿದ್ಯೆ ಒಂದು, ನಾವು ಹೇಳಿದ್ದನ್ನು ಯಂತ್ರ ಮಾಡುವ ವಿದ್ಯೆ ಇನ್ನೊಂದು. ಎರಡಕ್ಕೂ ‘ಕಂಪ್ಯೂಟರ್ ಕಲಿತೆ’ ಅಂತಲೇ ಹೆಸರು. ನಮ್ಮ ಹುಡುಗ ಟೈಪಿಂಗ್ ಸರ್ಟಿಫಿಕೇಟು ತಗೊಂಡು ಗುತ್ತಿಗೆ ಮೇಲೆ ಡೇಟಾ ಎಂಟ್ರಿ ಆಪರೇಟರ್ ಆಗ್ತಾನೆ. ಅವರ ಹುಡುಗ ಆ ಎಂಟ್ರಿ ಹೇಗಿರಬೇಕು ಅಂತ ಬರೆಯುವವನು ಆಗ್ತಾನೆ. ಒಬ್ಬ ಮಣ್ಣು ಹೊರುವವನು, ಒಬ್ಬ ನಕ್ಷೆ ಹಾಕುವವನು.

ಡೇಟಾ ಎಂಟ್ರಿ ಕೀಳು ಅಂತ ನಾನು ಹೇಳ್ತಾ ಇಲ್ಲ. ಹೊಟ್ಟೆಪಾಡು, ಗೌರವದ ಕೆಲಸ. ನಮಗೆ ಅದು ಮಾತ್ರ ಸಾಕು ಅಂತ ಯಾರೋ ಮೇಲೆ ಕೂತು ತೀರ್ಮಾನ ಮಾಡಿದ್ದಾರಲ್ಲ, ಅವರ ಕುತ್ತಿಗೆ ಪಟ್ಟಿ ಹಿಡಿದು ಕೇಳಬೇಕು ಅಂತ ಹೇಳ್ತಾ ಇದ್ದೀನಿ.

ಹಾಗಾದರೆ ಕಂಪ್ಯೂಟರ್ ವಿಜ್ಞಾನ ಅಂದರೆ ಏನು? ಅದೇನು ಬ್ರಹ್ಮ ವಿದ್ಯೆ ಅಲ್ಲ. ಹಾಸ್ಟೆಲಿನ ಊಟದ ಮನೆಗೆ ಬನ್ನಿ. ತಟ್ಟೆ ಹಿಡಿದು ಸಾಲು ನಿಂತಿದ್ದೀರಿ. ಮೊದಲು ಬಂದವನಿಗೆ ಮೊದಲು ಅನ್ನ. ಇದಕ್ಕೆ ಆ ಶಾಸ್ತ್ರದಲ್ಲಿ ‘ಕ್ಯೂ’ ಅಂತಾರೆ. ತೊಳೆದ ತಟ್ಟೆ ಒಂದರ ಮೇಲೊಂದು ಪೇರಿಸಿದ್ದಾರೆ. ಕೊನೆಗೆ ಇಟ್ಟದ್ದು ಮೊದಲು ಕೈಗೆ ಸಿಗುತ್ತೆ, ತಳದ ತಟ್ಟೆ ತಳದಲ್ಲೇ. ಇದಕ್ಕೆ ‘ಸ್ಟ್ಯಾಕ್’ ಅಂತಾರೆ. ಇಂಜಿನಿಯರಿಂಗ್ ಕಾಲೇಜಿನಲ್ಲಿ ದಪ್ಪ ಪುಸ್ತಕ ಇಟ್ಟು ಕಲಿಸುವ ಪಾಠದ ಆರಂಭ ಇಷ್ಟೇ. ಇನ್ನೊಂದು ಬಗೆಯ ಸಾಲಿದೆ, ‘ಪ್ರಯಾರಿಟಿ ಕ್ಯೂ’. ಅಲ್ಲಿ ಯಾವಾಗ ಬಂದೆ ಅನ್ನೋದು ಲೆಕ್ಕಕ್ಕಿಲ್ಲ, ಯಾರು ನೀನು ಅನ್ನೋದೇ ಲೆಕ್ಕ. ನಮ್ಮೂರ ಜಾತ್ರೆಯ ಪಂಕ್ತಿ ಊಟ ನೋಡಿದವರಿಗೆ ಇದನ್ನು ಯಾವ ಪ್ರೊಫೆಸರೂ ವಿವರಿಸಬೇಕಾಗಿಲ್ಲ!

ಇನ್ನೂ ಒಂದು ಹೇಳ್ತೀನಿ, ಇವತ್ತು ರಾತ್ರಿಯೇ ಕೋಣೆಯಲ್ಲಿ ಆಡಿ ನೋಡಿ. ಸಾವಿರ ಹೆಸರಿನ ಆಯ್ಕೆ ಪಟ್ಟಿ ಇದೆ, ಅಕ್ಷರದ ಕ್ರಮದಲ್ಲಿ ಜೋಡಿಸಿದ್ದಾರೆ. ನಿಮ್ಮ ಹೆಸರು ಹುಡುಕಬೇಕು. ಮೇಲಿನಿಂದ ಒಂದೊಂದೇ ನೋಡ್ತಾ ಹೋದರೆ ಸಾವಿರ ಸಲವೂ ಆಗಬಹುದು. ಅದರ ಬದಲು ನಟ್ಟ ನಡುವಿನ ಹೆಸರು ನೋಡಿ. ನಿಮ್ಮದು ಅದಕ್ಕಿಂತ ಮೊದಲು ಬರುತ್ತದೋ ಆಮೇಲೋ? ಆಮೇಲೆ ಅಂದರೆ ಮೇಲಿನ ಅರ್ಧ ಬಿಸಾಕಿ. ಉಳಿದ ಐನೂರರ ನಡುವೆ ನೋಡಿ, ಮತ್ತೆ ಅರ್ಧ ಬಿಸಾಕಿ. ಸಾವಿರ, ಐನೂರು, ಇನ್ನೂರೈವತ್ತು ಅಂತ ಇಳೀತಾ ಹತ್ತು ಸಲಕ್ಕೆ ಹೆಸರು ಸಿಗುತ್ತೆ, ಇಲ್ಲವೇ ಇಲ್ಲ ಅಂತ ಗೊತ್ತಾಗುತ್ತೆ. ಹತ್ತು ಲಕ್ಷ ಹೆಸರಿದ್ದರೆ? ಇಪ್ಪತ್ತು ಸಲ, ಅಷ್ಟೇ. ಇದನ್ನು ಕಂಡುಕೊಂಡಾಗ ನನಗೆ ಮೈ ಜುಂ ಅಂದಿತ್ತು. ಇದಕ್ಕೆ ಯಂತ್ರ ಬೇಕಾಗಿಲ್ಲ, ಎಸಿ ಕೋಣೆ ಬೇಕಾಗಿಲ್ಲ, ಚಪ್ಪಲಿ ಬಿಡಬೇಕಾಗಿಲ್ಲ. ನ್ಯೂಜಿಲೆಂಡಿನಲ್ಲಿ ಕಂಪ್ಯೂಟರ್ ಇಲ್ಲದೆಯೇ ಕಾರ್ಡು, ಹಗ್ಗ, ಆಟಗಳ ಮೂಲಕ ಮಕ್ಕಳಿಗೆ ಈ ಶಾಸ್ತ್ರ ಕಲಿಸುವ ಪದ್ಧತಿಯನ್ನೇ ಮಾಡಿದ್ದಾರೆ. ನಮಗೆ ಕಲಿಸದೆ ಇದ್ದದ್ದು ಯಂತ್ರ ಇರಲಿಲ್ಲ ಅಂತಲ್ಲ. ನಮ್ಮ ತಲೆಗೆ ಇದು ಹತ್ತಲ್ಲ ಅಂತ ಮೊದಲೇ ಷರಾ ಬರೆದಿದ್ದರು.

ಹೀಗಂದ ಮಾತ್ರಕ್ಕೆ ‘ಯಂತ್ರ ಬೇಡ, ಕಲ್ಲಿಟ್ಟು ಆಡಿ’ ಅಂತ ಯಾರಾದರೂ ಅಧಿಕಾರಿ ಈ ಹಾಳೆ ತೋರಿಸಿದರೆ ಅವನಿಗೆ ಸರಿಯಾಗಿ ಕೇಳಿ: ನಿನ್ನ ಮಗಳೂ ಕಲ್ಲಲ್ಲೇ ಕಲೀತಾಳೇನಪ್ಪಾ? ಎರಡೂ ಬೇಕು ನಮಗೆ.

ಇದೆಲ್ಲ ಕೆಲಸ, ಸಂಬಳದ ಮಾತಷ್ಟೇ ಅಲ್ಲ. ಹಿಂದೆ ಊರಿನ ಭೂಮಿ ಲೆಕ್ಕ ಶಾನುಭೋಗರ ಕಡತದಲ್ಲಿತ್ತು. ಯಾರ ಹೊಲ ಎಲ್ಲಿಗೆ ಮುಗೀತು, ಯಾರ ಇನಾಂತಿ ಯಾರ ಹೆಸರಿಗೆ ಹೋಯ್ತು, ಎಲ್ಲ ಅವರ ಲೇಖನಿಯ ತುದಿಯಲ್ಲಿ. ತೋಟಿ, ತಳವಾರ, ನೀರಗಂಟಿ ಅಂತ ನಮ್ಮವರು ಊರ ಚಾಕರಿ ಮಾಡಿದರು. ಕಡತ ಓದಲು ಬರದೆ ಹೆಬ್ಬೆಟ್ಟು ಒತ್ತಿ ಎಷ್ಟು ಎಕರೆ ಕಳಕೊಂಡರು. ೧೯೬೧ರ ಕಾನೂನು ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನು ತೆಗೆದುಹಾಕಿತು. ೧೯೭೮ರಲ್ಲಿ ಪರಭಾರೆ ನಿಷೇಧದ ಕಾನೂನು ಬಂತು. ೨೦೦೧ರ ಹೊತ್ತಿಗೆ ‘ಭೂಮಿ’ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿ ಕಂಪ್ಯೂಟರಿಗೆ ಹೋಯಿತು, ೧೫ ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಒಳ್ಳೆಯದೇ ಆಯಿತು, ಕಡತ ಮನೆಯಲ್ಲಿ ಬಚ್ಚಿಡುವುದು ತಪ್ಪಿತು. ಆದರೆ ಕಡತ ಹೋಗಿ ಯಂತ್ರ ಬಂದರೆ ಸಾಲದು, ಯಂತ್ರ ಓದುವ ಕಣ್ಣು ನಮ್ಮದಾಗಬೇಕು.

ಆಗಿಲ್ಲ. ಸಾಕ್ಷಿ ಬೇಕೇ? ಸ್ಕಾಲರ್‌ಶಿಪ್ ಅರ್ಜಿ ಹಾಕುವ ತಿಂಗಳು ತಾಲ್ಲೂಕಿನ ಸೈಬರ್ ಅಂಗಡಿ ಮುಂದೆ ಹೋಗಿ ನಿಲ್ಲಿ. ರಾಜ್ಯ ವಿದ್ಯಾರ್ಥಿವೇತನದ ಅರ್ಜಿ ಎಸ್‌ಎಸ್‌ಪಿ ಅನ್ನುವ ತಾಣದಲ್ಲಿ ತುಂಬಬೇಕು. ಜಾತಿ ಪ್ರಮಾಣ ಪತ್ರದ ಆರ್‌ಡಿ ನಂಬರು ಹಾಕಬೇಕು. ಆಧಾರಿನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಇನಿಷಿಯಲ್ ಆದರೆ ಮುಗೀತು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ದುಡ್ಡು ಬರಲ್ಲ. ಅಲ್ಲಿ ಕೂತವನು ತುಂಬ್ತಾನೆ, ನೂರೋ ಇನ್ನೂರೋ ತಗೋತಾನೆ, ಒಂದಕ್ಷರ ತಪ್ಪಾದರೆ ಮತ್ತೆ ತಗೋತಾನೆ. ಪಾಸ್‌ವರ್ಡು ಅವನ ನೋಟ್‌ಬುಕ್ಕಿನಲ್ಲಿ. ನಮ್ಮ ಹುಡುಗಿಯರ ಫೋನ್ ನಂಬರು ಅವನ ನೋಟ್‌ಬುಕ್ಕಿನಲ್ಲಿ. ಅಂಗಡಿಯವನೂ ಬಡವನೇ ಇರಬಹುದು. ಆದರೆ ನಾವು ಹೊರಗೆ ನಿಂತು, ಅವನು ಒಳಗೆ ಕೂತು, ನಮ್ಮ ಬದುಕಿನ ಕಡತ ಬರೀತಾ ಇದ್ದಾನೆ. ಶಾನುಭೋಗಿಕೆ ಎಲ್ಲಿ ಹೋಯ್ತು ಗೆಳೆಯರೇ? ಡಿಗ್ರಿ ಓದುವ ಹುಡುಗ ತನ್ನ ಅರ್ಜಿ ತಾನು ತುಂಬಲಾರ ಅಂದರೆ ಅದು ಹೊಸ ಹೆಬ್ಬೆಟ್ಟು.

ನಮ್ಮೊಳಗೇ ಕೆಲವರು ಹಿರಿಯರು ‘ಕಂಪ್ಯೂಟರು ಬಂಡವಾಳಶಾಹಿಯ ಯಂತ್ರ, ಕೆಲಸ ತಿನ್ನುತ್ತೆ’ ಅಂತಾರೆ. ೧೯೮೦ರ ದಶಕದಲ್ಲಿ ಬ್ಯಾಂಕ್ ನೌಕರರ ಸಂಘಗಳು ಇದೇ ಮಾತಾಡಿ ಕಂಪ್ಯೂಟರನ್ನು ತಡೆದು ನೋಡಿದವು. ಯಂತ್ರ ನಿಲ್ಲಲಿಲ್ಲ. ಹಿರಿಯರ ಮೇಲೆ ಗೌರವ ಇಟ್ಟೇ ಹೇಳ್ತೀನಿ: ಬ್ಯಾಂಕಿನ ಕುರ್ಚಿ ಮೇಲೆ ಇದ್ದವರಿಗೆ ಕುರ್ಚಿ ಹೋಗುವ ಭಯ. ನಮಗೆ ಯಾವ ಕುರ್ಚಿ ಇತ್ತು? ಮಲದ ಗುಂಡಿಗೆ ಇಳಿಯುವ ಕೆಲಸಕ್ಕೆ ಯಂತ್ರ ತನ್ನಿ ಅಂತ ನಾವು ಎಷ್ಟು ವರ್ಷದಿಂದ ಕೇಳ್ತಾ ಇದ್ದೀವಿ, ಅದು ಮಾತ್ರ ಬರಲೊಲ್ಲದು. ಯಾವ ಯಂತ್ರ ಯಾರಿಗೆ ಮೊದಲು ಬರುತ್ತೆ ಅನ್ನೋದೂ ಜಾತಿಯ ತೀರ್ಮಾನವೇ.

ಇನ್ನು ಕೆಲವರು, ಸಭ್ಯಸ್ತರು, ‘ಪಾಪ, ಆ ಮಕ್ಕಳಿಗೆ ಮೊದಲು ಶೌಚಾಲಯ, ಒಳ್ಳೆ ಊಟ ಕೊಡಿ, ಕಂಪ್ಯೂಟರ್ ಆಮೇಲೆ’ ಅಂತ ಮರುಕ ಪಡ್ತಾರೆ. ಅವರ ಮಕ್ಕಳಿಗೆ ಮೂರೂ ಒಟ್ಟಿಗೆ ಸಿಕ್ಕಿತು. ನಮಗೆ ಮಾತ್ರ ಒಂದರ ನಂತರ ಒಂದು, ಸರದಿ ಮೇಲೆ! ೧೯೨೭ರಲ್ಲಿ ಮಹಾಡದ ಚೌಡಾರ ಕೆರೆಗೆ ಬಾಬಾಸಾಹೇಬರು ಜನರನ್ನು ಕರಕೊಂಡು ಹೋದಾಗಲೂ ಇಂಥ ಹಿತೈಷಿಗಳಿದ್ದರು. ನಿಮ್ಮ ಕೇರಿಗೇ ಒಂದು ಬಾವಿ ತೋಡಿಸಿಕೊಡ್ತೀವಿ ಅನ್ನೋ ಜಾತಿಯವರು. ಕೆರೆಗೆ ಹೋದದ್ದು ಬಾಯಾರಿಕೆಗಲ್ಲ.

ಇಂಗ್ಲಿಷಿನ ಪ್ರಶ್ನೆಗೆ ಬರ್ತೀನಿ. ಪ್ರೋಗ್ರಾಂ ಭಾಷೆಯ ಪದಗಳು ಇಂಗ್ಲಿಷಿನವು, ನಿಜ. ಪೈಥಾನಿನಲ್ಲಿ ಮೂವತ್ತೈದರ ಸುಮಾರು ಪದ ಅಷ್ಟೇ. ಇಫ್, ಎಲ್ಸ್, ವೈಲ್ ಅಂಥವು. ಕ್ರಿಕೆಟ್ ಆಡಲು ನಾವು ಅದಕ್ಕಿಂತ ಹೆಚ್ಚು ಇಂಗ್ಲಿಷ್ ಪದ ಕಲಿತಿದ್ದೀವಿ. ಯಾಕೆ, ಹೇಗೆ ಅನ್ನುವ ವಿವರಣೆ ಕನ್ನಡದಲ್ಲಿ ಬಂದರೆ ಎಂಟನೇ ತರಗತಿ ಮಗುವಿಗೂ ಹತ್ತುತ್ತೆ. ಕೆ.ಪಿ. ರಾಯರಂಥವರು ಕನ್ನಡಕ್ಕೆ ಕೀಲಿಮಣೆ ಕಟ್ಟಿಕೊಟ್ಟಿದ್ದಾರೆ, ಅಕ್ಷರದ ತೊಂದರೆ ಎಂದೋ ತೀರಿತು. ಹಾಗಂತ ಇಂಗ್ಲಿಷ್ ಬೇಡ ಅನ್ನುವ ಭಾಷಣಕಾರರ ಬಲೆಗೂ ಬೀಳಬೇಡಿ. ವೇದಿಕೆ ಮೇಲೆ ಕನ್ನಡ, ಮಗನಿಗೆ ಕಾನ್ವೆಂಟು, ಇದು ನಮಗೆ ಹೊಸದಲ್ಲ. ಕನ್ನಡದಲ್ಲಿ ಅರ್ಥ ಮಾಡಿಕೊಳ್ಳೋಣ, ಇಂಗ್ಲಿಷನ್ನೂ ಕಿತ್ತುಕೊಳ್ಳೋಣ.

‘ಎಲ್ಲ ಕಲಿತರೂ ಕೆಲಸ ಕೊಡ್ತಾರಾ ಅಣ್ಣ?’ ಅಂತ ಹೋದ ಸಭೆಯಲ್ಲಿ ಒಬ್ಬ ತಮ್ಮ ಕೇಳಿದ. ನ್ಯಾಯವಾದ ಪ್ರಶ್ನೆ, ಸುಳ್ಳು ಸಮಾಧಾನ ಹೇಳಲ್ಲ. ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅನ್ನುವ ವಿದ್ವಾಂಸರು ೨೦೦೭ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಖಾಸಗಿ ಕಂಪನಿಗಳ ಜಾಹೀರಾತಿಗೆ ಒಂದೇ ಓದು, ಒಂದೇ ಅರ್ಹತೆಯ ಅರ್ಜಿಗಳನ್ನು ಕಳಿಸಿದರು. ಹೆಸರು ಮಾತ್ರ ಬೇರೆ. ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಂಭವ ಮೇಲ್ಜಾತಿ ಹೆಸರಿನ ಮೂರನೇ ಎರಡರಷ್ಟು. ಪ್ರತಿಭೆ ಅಳೆಯುವ ಮೊದಲೇ ಹೆಸರು ಅಳೆದರು. ಸಮುದ್ರ ದಾಟಿದರೂ ಬಿಡಲಿಲ್ಲ: ೨೦೨೦ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವೇ ಸಿಸ್ಕೋ ಕಂಪನಿ ಮೇಲೆ ಜಾತಿ ತಾರತಮ್ಯದ ಮೊಕದ್ದಮೆ ಹೂಡಿತು. ಇಬ್ಬರು ಇಂಜಿನಿಯರುಗಳ ಮೇಲಿನ ಕೇಸನ್ನು ೨೦೨೩ರಲ್ಲಿ ರಾಜ್ಯ ಹಿಂತೆಗೆದುಕೊಂಡಿತು, ಕಂಪನಿ ಮೇಲಿನದನ್ನು ಹಿಂತೆಗೆದುಕೊಳ್ಳಲಿಲ್ಲ. ಅದೇ ೨೦೨೩ರಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ಕಾನೂನಿನಿಂದ ನಿಷೇಧಿಸಿತು, ಕ್ಯಾಲಿಫೋರ್ನಿಯಾದ ಶಾಸನಸಭೆ ಅಂಥದ್ದೇ ಮಸೂದೆ ಪಾಸು ಮಾಡಿದರೆ ಅಲ್ಲಿನ ಗವರ್ನರ್ ತಡೆದ. (ಕಂಪ್ಯೂಟರಿನ ಒಳಗೂ ‘ಮಾಸ್ಟರ್’, ‘ಸ್ಲೇವ್’ ಅಂತ ಪದ ಬಳಸ್ತಿದ್ದರು, ಒಡೆಯ, ಜೀತಗಾರ. ನಮ್ಮಲ್ಲಿ ಜೀತ ನಿಷೇಧ ಆದದ್ದು ೧೯೭೬ರಲ್ಲಿ. ಬಹಳ ಕಂಪನಿಗಳು ಈ ಪದ ಕೈಬಿಡಲು ೨೦೨೦ ಆಗಬೇಕಾಯಿತು.) ತಮ್ಮಾ, ಕಲಿತವನಿಗೆ ಬಾಗಿಲು ತೆಗೆಯಲ್ಲ ಅನ್ನುವ ಜಗಳ ಒಂದು. ಕಲಿಯಲೇ ಬಿಡಲ್ಲ ಅನ್ನುವ ಜಗಳ ಅದಕ್ಕಿಂತ ಮೊದಲಿನದು. ಖಾಸಗಿ ರಂಗದಲ್ಲಿ ಮೀಸಲಾತಿ ಕೇಳುವ ಹೋರಾಟಕ್ಕೆ ನಾವು ಕೈಯಲ್ಲಿ ವಿದ್ಯೆ ಹಿಡಿದೇ ಹೋಗಬೇಕು.

ದುಡ್ಡಿಲ್ಲ ಅಂತ ಮಾತ್ರ ಹೇಳಬೇಡಿ. ೨೦೧೩ರ ಕಾನೂನಿನ ಪ್ರಕಾರ ನಮ್ಮ ಜನಸಂಖ್ಯೆಗೆ ತಕ್ಕಷ್ಟು ಹಣ ಬಜೆಟ್ಟಿನಲ್ಲಿ ನಮಗೇ ಮೀಸಲು. ೨೦೧೧ರ ಜನಗಣತಿಯಲ್ಲಿ ಪರಿಶಿಷ್ಟ ಜಾತಿ, ಪಂಗಡ ಸೇರಿ ರಾಜ್ಯದಲ್ಲಿ ನೂರಕ್ಕೆ ೨೪. ಆ ಕಾನೂನಿನ ೭(ಡಿ) ಅನ್ನುವ ಕಿಂಡಿಯಿಂದ ದುಡ್ಡು ಬೇರೆ ಬಾಬ್ತಿಗೆ ಸೋರ್ತಾ ಇತ್ತು, ೨೦೨೩ರಲ್ಲಿ ಕಿಂಡಿ ಮುಚ್ಚಿದರು. ಅದೇ ೨೦೨೩-೨೪ರಲ್ಲಿ ಸುಮಾರು ೧೧ ಸಾವಿರ ಕೋಟಿ ಗ್ಯಾರಂಟಿ ಯೋಜನೆಗಳಿಗೆ ಇದೇ ಲೆಕ್ಕದಿಂದ ಹೋಯಿತು. ಅಕ್ಕಿ, ಬಸ್ಸು ನಮ್ಮವರಿಗೂ ಸಿಕ್ಕಿದೆ, ಇಲ್ಲ ಅನ್ನಲ್ಲ. ಅದು ಎಲ್ಲರಿಗೂ ಕೊಟ್ಟದ್ದು, ಎಲ್ಲರ ದುಡ್ಡಿನಿಂದ ಕೊಡಲಿ. ಇದು ನಮ್ಮ ಮಕ್ಕಳ ಓದಿನ ದುಡ್ಡು.

ಆ ದುಡ್ಡಲ್ಲಿ ಪ್ರತಿ ಹಾಸ್ಟೆಲಿನಲ್ಲೂ ಸಂಜೆ ಆರರಿಂದ ಹತ್ತರವರೆಗೆ ತೆರೆದಿರುವ ಕಂಪ್ಯೂಟರ್ ಕೋಣೆ ಆಗಬೇಕು. ಹುಡುಗಿಯರ ಹಾಸ್ಟೆಲಿನಲ್ಲಿ ಮೊದಲು ಆಗಬೇಕು. ಹುಡುಗರು ಪೇಟೆಗೆ ಹೋಗಿ ಗಂಟೆಗಿಷ್ಟು ಕೊಟ್ಟು ಕೂತಾರು, ಸಂಜೆ ಗೇಟು ಹಾಕಿದ ಮೇಲೆ ಆ ತಂಗಿಯರು ಎಲ್ಲಿಗೆ ಹೋಗಬೇಕು? ಗುತ್ತಿಗೆಯವರಲ್ಲ, ಕಾಯಂ ಕಂಪ್ಯೂಟರ್ ಶಿಕ್ಷಕರ ಹುದ್ದೆ ಬೇಕು, ಅದರಲ್ಲಿ ರೋಸ್ಟರ್ ಪ್ರಕಾರ ನಮ್ಮ ಪಾಲು ಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಅಂಕ ಬೇಕು, ಆದರೆ ಯಂತ್ರ, ಶಿಕ್ಷಕರು ಬಂದ ಮೇಲೆ. ಈಗಲೇ ಅಂಕ ಇಟ್ಟರೆ ಫೇಲಾಗುವವರು ನಾವೇ. ಗಣಿತದ ಮೇಷ್ಟರ ಖಾಲಿ ಹುದ್ದೆ ತುಂಬಿ ಅಂತ ಅದೇ ಅರ್ಜಿಯಲ್ಲಿ ಬರೆಯಿರಿ. ಒಂಬತ್ತರಲ್ಲಿ ಗಣಿತ ಬಿಟ್ಟುಹೋದವನು ಪಿಯುಸಿಯಲ್ಲಿ ಆರ್ಟ್ಸಿಗೆ ತಳ್ಳಿಸಿಕೊಳ್ತಾನೆ, ಸಿಇಟಿ ಬರೆದು ಇಂಜಿನಿಯರಿಂಗ್ ಸೇರಬೇಕಾದರೆ ಭೌತಶಾಸ್ತ್ರ, ಗಣಿತ ಇರಲೇಬೇಕು. ಆರ್ಟ್ಸು ಕೀಳಲ್ಲ, ನಮ್ಮ ಕವಿಗಳು, ವಕೀಲರು ಅಲ್ಲಿಂದಲೇ ಬಂದರು. ಆದರೆ ಆರಿಸಿಕೊಂಡು ಹೋಗುವುದು ಬೇರೆ, ತಳ್ಳಿಸಿಕೊಂಡು ಹೋಗುವುದು ಬೇರೆ.

ಮುಂದಿನ ಜಿಲ್ಲಾ ಸಭೆಗೆ ಬರುವಾಗ ಪ್ರತಿ ಹಾಸ್ಟೆಲಿನಿಂದ ಒಂದು ಹಾಳೆ ತನ್ನಿ. ನಿಮ್ಮ ಶಾಲೆ, ಹಾಸ್ಟೆಲಿನಲ್ಲಿ ಎಷ್ಟು ಯಂತ್ರ, ಎಷ್ಟು ನಡೀತಾವೆ, ವಾರದಲ್ಲಿ ಎಷ್ಟು ಗಂಟೆ ಬಾಗಿಲು ತೆಗೀತಾರೆ, ಕಳೆದ ವರ್ಷ ಅದಕ್ಕೆ ಎಷ್ಟು ಖರ್ಚು ಬರೆದಿದ್ದಾರೆ. ಖರ್ಚು ಹೇಳದಿದ್ದರೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ೩೦ ದಿನದಲ್ಲಿ ಉತ್ತರ ಕೊಡಲೇಬೇಕು. ಬಿಪಿಎಲ್ ಕಾರ್ಡಿದ್ದರೆ ಆ ಹತ್ತೂ ಬೇಕಾಗಿಲ್ಲ. ಬೀಗದ ಕೈ ಯಾರ ಹತ್ತಿರ ಇರುತ್ತೆ ಅನ್ನೋದನ್ನೂ ಬರೆಯಿರಿ, ಹೆಸರು ಬೇಡ, ಹುದ್ದೆ ಸಾಕು. ಗುಡಿಸುವವರು ಯಾರು ಅನ್ನೋದನ್ನೂ ಬರೆಯಿರಿ.

ಜೈ ಭೀಮ್.